ತಂಡ ಮೊದಲು, ದೇಶ ಆಮೇಲೆ: ಅಂತಾರಾಷ್ಟ್ರೀಯ ಕ್ರಿಕೆಟ್‌ನ ಆರಂಭದ ದಿನಗಳು

ಮೊದಲ ಅಂತಾರಾಷ್ಟ್ರೀಯ ಕ್ರಿಕೆಟ್ ಪಂದ್ಯ ಯಾವುದು ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು 1877, ಮೆಲ್ಬೋರ್ನ್, ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಅಂತ ಹೇಳ್ತೀವಿ. ರಸಪ್ರಶ್ನೆಗೆ ಆ ಉತ್ತರ ಸಾಕು, ಇತಿಹಾಸ ಓದುವವರಿಗೆ ಸಾಲದು. ಅಂತಾರಾಷ್ಟ್ರೀಯ ಅನ್ನಬೇಕಾದರೆ ಎರಡು ರಾಷ್ಟ್ರಗಳು ಇರಬೇಕಲ್ಲ? ಅವು ಆಗ ಇದ್ದವೇ ಎಂಬುದೇ ಇವತ್ತಿನ ನನ್ನ ಪ್ರಶ್ನೆ.

ಮೆಲ್ಬೋರ್ನ್‌ಗಿಂತ 33 ವರ್ಷ ಹಿಂದಕ್ಕೆ ಹೋಗೋಣ. 1844ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಸೇಂಟ್ ಜಾರ್ಜ್ಸ್ ಕ್ಲಬ್ಬಿನ ಮೈದಾನದಲ್ಲಿ ಅಮೆರಿಕ ಮತ್ತು ಕೆನಡಾ ತಂಡಗಳು ಆಡಿದವು. ಕೆನಡಾ 82 ಮತ್ತು 63, ಅಮೆರಿಕ 64 ಮತ್ತು 58. ಕೆನಡಾ 23 ರನ್‌ಗಳಿಂದ ಗೆದ್ದಿತು. ಆದರೆ ನಾವಿಂದು ಕೆನಡಾ ಎನ್ನುವ ಒಕ್ಕೂಟ ಹುಟ್ಟಿದ್ದು 1867ರಲ್ಲಿ. ಅಂದ್ರೆ ತಂಡ ಮೊದಲು ಬಂತು, ದೇಶ ಆಮೇಲೆ.

1877ರ ಕಥೆಯೂ ಹೀಗೇ ಇದೆ. ಆಸ್ಟ್ರೇಲಿಯಾದ ವಸಾಹತುಗಳು ಒಂದಾದದ್ದು 1901ರಲ್ಲಿ. ಮೆಲ್ಬೋರ್ನ್‌ನಲ್ಲಿ ಆಡಿದ್ದು ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ವಸಾಹತುಗಳ ಆಟಗಾರರು. ಎದುರಿಗಿದ್ದದ್ದು ಜೇಮ್ಸ್ ಲಿಲ್ಲಿವೈಟ್ ಕಟ್ಟಿಕೊಂಡು ಬಂದ ವೃತ್ತಿಪರರ ತಂಡ. ಇಂಗ್ಲೆಂಡಿನ ಯಾವ ಮಂಡಳಿಯೂ ಅದನ್ನು ಆರಿಸಿರಲಿಲ್ಲ, ಆ ಕಾಲದ ದೊಡ್ಡ ಹೆಸರಾದ ಡಬ್ಲ್ಯು.ಜಿ. ಗ್ರೇಸ್ ಅದರಲ್ಲಿ ಇರಲೇ ಇಲ್ಲ. ಆಸ್ಟ್ರೇಲಿಯಾದ ಮೊದಲ ಇನ್ನಿಂಗ್ಸ್‌ನ 245 ರನ್‌ಗಳಲ್ಲಿ 165 ಚಾರ್ಲ್ಸ್ ಬ್ಯಾನರ್‌ಮನ್ ಒಬ್ಬರದೇ. ಆಸ್ಟ್ರೇಲಿಯಾ 45 ರನ್‌ಗಳಿಂದ ಗೆದ್ದಿತು. ಬ್ಯಾನರ್‌ಮನ್ ಹುಟ್ಟಿದ್ದು ಎಲ್ಲಿ ಗೊತ್ತಾ? ಇಂಗ್ಲೆಂಡಿನ ವುಲಿಚ್‌ನಲ್ಲಿ!

ಅದೇ ತಂಡದ ಬಿಲ್ಲಿ ಮಿಡ್‌ವಿಂಟರ್‌ನನ್ನು ನೋಡಿ. ಹುಟ್ಟಿದ್ದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ, ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. 1878ರಲ್ಲಿ ಆಸ್ಟ್ರೇಲಿಯಾ ತಂಡದ ಜೊತೆ ಲಾರ್ಡ್ಸ್‌ಗೆ ಬಂದಿದ್ದಾಗ ಗ್ರೇಸ್ ಅಲ್ಲಿಗೇ ಹೋಗಿ, ಗ್ಲಾಸ್ಟರ್‌ಶೈರ್ ಪರ ಆಡಬೇಕೆಂದು ಅವನನ್ನು ಓವಲ್ ಮೈದಾನಕ್ಕೆ ಕರೆದೊಯ್ದರು. ಮುಂದೆ 1881-82ರಲ್ಲಿ ಅವನು ಇಂಗ್ಲೆಂಡ್ ಪರ ಆಸ್ಟ್ರೇಲಿಯಾದ ವಿರುದ್ಧವೇ ಆಡಿದ, ಆಮೇಲೆ ಮತ್ತೆ ಆಸ್ಟ್ರೇಲಿಯಾಕ್ಕೆ ಮರಳಿದ. ಅವನು ಯಾವ ದೇಶದವನು ಅನ್ನೋದಕ್ಕೆ ಒಂದೇ ಉತ್ತರ ಇಲ್ಲ.

ಹಾಗಾದರೆ 1877ರ ಪಂದ್ಯ ಮೊದಲ ಟೆಸ್ಟ್ ಆದದ್ದು ಹೇಗೆ? ಆಡುವಾಗ ಅದಕ್ಕೆ ಆ ಪಟ್ಟ ಇರಲಿಲ್ಲ. ಕ್ಲಾರೆನ್ಸ್ ಮೂಡಿ ಎಂಬ ಆಸ್ಟ್ರೇಲಿಯಾದ ಪತ್ರಕರ್ತ 1894ರಲ್ಲಿ ಟೆಸ್ಟ್‌ಗಳ ಪಟ್ಟಿಯೊಂದನ್ನು ಮಾಡಿದ, ಕ್ರಮೇಣ ಅದೇ ಒಪ್ಪಿತವಾಯಿತು.

ಪಟ್ಟಿ ಅಂದ ಮೇಲೆ ಹೊರಗುಳಿದವರೂ ಇರುತ್ತಾರೆ. 1868ರಲ್ಲಿ ಇಂಗ್ಲೆಂಡಿಗೆ ಹೋದ ಮೊದಲ ಆಸ್ಟ್ರೇಲಿಯನ್ ತಂಡದ ಆಟಗಾರರು ಮೂಲನಿವಾಸಿಗಳು. 47 ಪಂದ್ಯ ಆಡಿ 14 ಗೆದ್ದರು, 14 ಸೋತರು, 19 ಡ್ರಾ. ಅವರಲ್ಲಿ ಕಿಂಗ್ ಕೋಲ್ ಎಂದು ಕರೆಯಲಾಗುತ್ತಿದ್ದ ಆಟಗಾರ ಪ್ರವಾಸದಲ್ಲೇ ತೀರಿಕೊಂಡ. ಅವರು ಆಡಿದ್ದು ಕ್ಲಬ್ಬು, ಕೌಂಟಿಗಳ ಜೊತೆ, ಇಂಗ್ಲೆಂಡ್ ಹೆಸರಿನ ತಂಡದ ಜೊತೆಗಲ್ಲ. ಹಾಗಾಗಿ ಪಟ್ಟಿಗೆ ಸೇರಲಿಲ್ಲ, ನಿಜ. ಆದರೆ ಮರುವರ್ಷವೇ ವಿಕ್ಟೋರಿಯಾ ತಂದ ಕಾನೂನು, ಮೂಲನಿವಾಸಿಗಳು ಎಲ್ಲಿ ವಾಸಿಸಬೇಕೆಂದು ನಿರ್ಧರಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸಮುದ್ರ ದಾಟಿ ಆಡಿ ಬಂದವರ ಜನಕ್ಕೆ ತಮ್ಮ ನೆಲದಲ್ಲೇ ಓಡಾಡುವ ಸ್ವಾತಂತ್ರ್ಯ ಉಳಿಯಲಿಲ್ಲ.

ಅಮೆರಿಕದ್ದು ಇನ್ನೊಂದು ಬಗೆ. 1909ರಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಸೇರಿ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಕಟ್ಟಿದವು. ಬ್ರಿಟಿಷ್ ಸಾಮ್ರಾಜ್ಯದೊಳಗಿನವರಿಗೆ ಮಾತ್ರ ಅದರ ಬಾಗಿಲು ತೆರೆದಿತ್ತು. 1844ರಲ್ಲೇ ಆಡಿದ್ದ ಅಮೆರಿಕ 1965ರವರೆಗೂ ಹೊರಗೇ ನಿಂತಿತು.

ಕೊನೆಗೆ ಒಂದು ಮಾತು. ಊರು, ಮಾತು, ಬದುಕು ಮೊದಲೇ ಇದ್ದು ಗೆರೆ ಆಮೇಲೆ ಬರುವುದು 1956 ಕಂಡ ಗಡಿನಾಡಿನವರಾದ ನಮಗೆ ಹೊಸದಲ್ಲ. ಹಾಗಾಗಿ ಯಾವುದಾದರೂ ‘ಮೊದಲನೆಯದು’ ಎಂದು ಓದಿದಾಗ, ಆ ಲೆಕ್ಕ ಬರೆದವರು ಯಾರು, ಯಾವಾಗ ಬರೆದರು ಅಂತಲೂ ಕೇಳೋಣ.