ಕುದಿಸಿದರೂ ಹೋಗದ ವಿಷ

ಮಿಕ್ಕ ಸಿಹಿಯನ್ನು ಇನ್ನೊಮ್ಮೆ ಚೆನ್ನಾಗಿ ಬಿಸಿ ಮಾಡಿಬಿಟ್ಟರೆ ಏನೂ ಆಗಲ್ಲ ಅಂತ ನೀವೂ ಅಂದುಕೊಂಡಿದ್ದೀರಾ? ನಾನೂ ಹಾಗೇ ಅಂದುಕೊಂಡಿದ್ದೆ, ಹೊಸದುರ್ಗದಲ್ಲಿ ತಂಗಿಯ ಮಗುವಿನ ನಾಮಕರಣ ಆಗುವವರೆಗೆ.

ಬೆಳಿಗ್ಗೆ ಮಾಡಿದ ಖೋವಾ ಪಾಯಸವನ್ನು ಸಂಜೆ ಮತ್ತೆ ಕುದಿಸಿ ನೆಂಟರಿಗೆ ಬಡಿಸಿದೆವು. ಎರಡು ಮೂರು ಗಂಟೆಯೊಳಗೆ ಹತ್ತಾರು ಮಂದಿಗೆ ವಾಂತಿ. ಮಾರನೇ ದಿನ ಎಲ್ಲರೂ ಸುಧಾರಿಸಿಕೊಂಡರು. ಆದರೆ ಅಡುಗೆಗೆ ಬಂದಿದ್ದ ಹೆಂಗಸಿನ ಮೇಲೆ ಬಂದ ಅಪವಾದ ಹೋಗಲಿಲ್ಲ. 'ಏನೋ ಬೆರೆಸಿರಬೇಕು' ಅಂದವರೂ ಇದ್ದರು. ಪರೀಕ್ಷೆ ಮಾಡಿಸೋಣವೆಂದರೆ ಪಾತ್ರೆಯನ್ನು ನಾನೇ ತಿಕ್ಕಿಟ್ಟಿದ್ದೆ!

ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಮೂಗಿನಲ್ಲಿ, ಕೈಗಾಯದಲ್ಲಿ, ಉಗುರುಸುತ್ತಿನಲ್ಲಿ ಇರುತ್ತದೆ. ಅಡುಗೆ ಗಂಟೆಗಟ್ಟಲೆ ಹೊರಗಿದ್ದರೆ ಅಲ್ಲಿ ಬೆಳೆದು ವಿಷ ಬಿಡುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹಾಗೇ ಉಳಿಯುತ್ತದೆ. (ಅವತ್ತು ಖೋವಾ ಪುಡಿ ಮಾಡಿದ್ದು ನಾನು, ನನ್ನ ಹೆಬ್ಬೆರಳಿಗೆ ಉಗುರುಸುತ್ತು ಆಗಿತ್ತು. ಇದನ್ನು ಆಕೆಯ ಮನೆಗೇ ಹೋಗಿ ಹೇಳಿ ಬಂದೆ.)

ಹಾಗಾಗಿ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಮಾತ್ರ ಹುಡುಕಿದರೆ ಸಾಲದು, ವಿಷವನ್ನೇ ಹುಡುಕಬೇಕು. ಅದಕ್ಕೆ ಎಲೈಸಾ ಎಂಬ ಪರೀಕ್ಷೆ ಇದೆ. ಪ್ರತಿಕಾಯಗಳು ವಿಷವನ್ನು ಹಿಡಿದುಕೊಂಡರೆ ಬಣ್ಣ ಬರುತ್ತದೆ. ಆದರೆ ಆ ಬಣ್ಣವನ್ನು ನಂಬುವುದು ಹೇಗೆ? ಶುದ್ಧ ಖೋವಾಕ್ಕೆ ಅಳೆದ ವಿಷವನ್ನು ತಾವೇ ಸೇರಿಸಿ ನೋಡುತ್ತಾರೆ. ಸೇರಿಸಿದ್ದು ಸಿಗಬೇಕು, ಸೇರಿಸದ ಕಡೆ ಸಿಗಬಾರದು. ಹಾಲಿನಲ್ಲಿ ಸರಿ ಬಂದದ್ದು ಜಿಡ್ಡಿನ ಖೋವಾದಲ್ಲಿ ಬರದೆ ಹೋಗಬಹುದು, ಅದಕ್ಕೇ ಬೇರೆ ಬೇರೆ ಆಹಾರದಲ್ಲಿ ನೋಡಬೇಕು. ಬೇರೆ ಲ್ಯಾಬಿನವರಿಗೂ ಅದೇ ಉತ್ತರ ಬರಬೇಕು. ಈ ಪರೀಕ್ಷೆಗೆಂದೇ 2017ರಲ್ಲಿ ಐಎಸ್‌ಒ 19020 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು.

ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ಮಾಡಿದ ಕೆಲಸ ಕೇಳಿ. ಈ ಬ್ಯಾಕ್ಟೀರಿಯಾದ ಮೈಮೇಲಿನ 'ಪ್ರೋಟೀನ್ ಎ' ಮೊಲ ಮುಂತಾದ ಪ್ರಾಣಿಗಳ ಪ್ರತಿಕಾಯಕ್ಕೆ ಸುಮ್ಮನೆ ಅಂಟಿಕೊಂಡು, ವಿಷ ಇಲ್ಲದಿದ್ದರೂ ಬಣ್ಣ ತೋರಿಸಿಬಿಡುತ್ತದೆ. ಕೋಳಿಮೊಟ್ಟೆಯ ಹಳದಿ ಭಂಡಾರದ ಪ್ರತಿಕಾಯಕ್ಕೆ ಅದು ಅಂಟುವುದಿಲ್ಲ. ಅದನ್ನೇ ಬಳಸಿದ ಎಲೈಸಾವನ್ನು ಅವರು 2014ರಲ್ಲಿ ಪ್ರಕಟಿಸಿದರು. ಮೊಟ್ಟೆಗೆ ಹೀಗೂ ಒಂದು ಉಪಯೋಗ ಇದೆ ಅಂತ ಯಾರಿಗೆ ಗೊತ್ತಿತ್ತು ಹೇಳಿ!

ತಪ್ಪು ಉತ್ತರ ಬಂದರೆ ಯಾರದೋ ತಲೆಗೆ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ, ನೀರಿಗೆ ಯಾರೋ ವಿಷ ಹಾಕಿದ್ದಾರೆಂಬ ಅನುಮಾನ ಎದ್ದಿತ್ತು. ಪರೀಕ್ಷೆಯಲ್ಲಿ ವಿಷ ಸಿಗಲಿಲ್ಲ, ಕಾಲರಾ ಬ್ಯಾಕ್ಟೀರಿಯಾ ಸಿಕ್ಕಿತು.

ಊಟ ಮಾಡಿದವರಿಗೆ ವಾಂತಿ ಶುರುವಾದರೆ ಮೊದಲು ಆಸ್ಪತ್ರೆ. ಆದರೆ ಮಿಕ್ಕಿದ್ದನ್ನು ಚೆಲ್ಲಬೇಡಿ, ಮತ್ತೆ ಕುದಿಸಲೂಬೇಡಿ. ಕುದಿನೀರಲ್ಲಿ ತೊಳೆದು ಒಣಗಿಸಿದ ಡಬ್ಬಿಗೆ ಒಂದು ಬಟ್ಟಲಿನಷ್ಟು ಹಾಕಿ, ದಿನ, ಗಂಟೆ ಬರೆದು ಫ್ರಿಜ್ಜಿನಲ್ಲಿಡಿ. ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಆರೋಗ್ಯ ಇಲಾಖೆಗೆ, ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಕೊಂಡು ತಂದ ತಿನಿಸಾದರೆ ಶುಲ್ಕ ಕಟ್ಟಿ ನೀವೇ ಪರೀಕ್ಷೆ ಮಾಡಿಸಬಹುದು, 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಆ ಹಕ್ಕು ಕೊಟ್ಟಿದೆ. ಹಿರಿಯೂರಿಂದಾಗಲಿ ಹೊಳಲ್ಕೆರೆಯಿಂದಾಗಲಿ ಒಯ್ಯುವಾಗ ಸುತ್ತ ಐಸ್ ಇರಲಿ. ಕೊಡುವಾಗ ಸಂಕೋಚ ಬಿಟ್ಟು ಕೇಳಿ: 'ಬ್ಯಾಕ್ಟೀರಿಯಾ ಅಷ್ಟೇ ನೋಡ್ತೀರಾ, ಅದರ ವಿಷಾನೂ ನೋಡ್ತೀರಾ?'