ಟೊಮೆಟೊ ತೋಟಕ್ಕೂ ಬೇಕು ಅಕ್ಕಡಿ ಸಾಲು

ಕೋಲಾರದ ಕೆಂಪು ನೆಲದಲ್ಲಿ ಹಿಂದೆ ರಾಗಿಯೊಂದನ್ನೇ ಬಿತ್ತುವವರು ಕಡಿಮೆ. ಕೆಲವು ಸಾಲು ರಾಗಿಯಾದ ಮೇಲೆ ಒಂದು ಅಕ್ಕಡಿ ಸಾಲು ಬರಲೇಬೇಕಿತ್ತು. ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಸಾಸಿವೆ, ಮನೆಯ ಮಡಕೆಯಲ್ಲಿ ಯಾವ ಬೀಜ ಉಳಿದಿತ್ತೋ ಅದು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆ ಕೈಬಿಡುತ್ತಿರಲಿಲ್ಲ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತಿತ್ತು, ಜೋಳದ ತೆನೆಗೆ ಹಕ್ಕಿ ಬಂದು ಕೂರುತ್ತಿತ್ತು, ಆ ಹಕ್ಕಿ ಹುಳುವನ್ನೂ ಆರಿಸಿ ತಿನ್ನುತ್ತಿತ್ತು. ಬೋರ್‌ವೆಲ್ ಬಂದು ಅದೇ ಹೊಲ ಟೊಮೆಟೊ ತೋಟವಾದಾಗ ಅಕ್ಕಡಿ ಮಾಯವಾಯಿತು. ಬದುವಿನಿಂದ ಬದುವಿಗೆ ಒಂದೇ ಬೆಳೆ, ಅದು ಮುಗಿದರೆ ಮತ್ತೆ ಅದೇ ಬೆಳೆ. ಇವತ್ತು ತರಕಾರಿ ಬೆಳೆಗಾರರು ಪಡುವ ಕಷ್ಟದಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಶುರುವಾಯಿತು ಎಂಬುದು ನನ್ನ ದೃಢ ನಂಬಿಕೆ.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಸಾವಿರ ಅಡಿ ದಾಟಿದ ಬೋರುಗಳಿಂದ ನೀರೆತ್ತಿ ಇಲ್ಲಿನ ರೈತರು ಟೊಮೆಟೊ, ಎಲೆಕೋಸು, ಕ್ಯಾರೆಟ್, ಬೀನ್ಸ್, ದಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡ ಮಾರುಕಟ್ಟೆಗಳ ಸಾಲಿಗೆ ಸೇರಿದ್ದು. 2023ರ ಜುಲೈನಲ್ಲಿ ಅಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತು. ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ. ಬೋರು, ಡ್ರಿಪ್, ಕಡ್ಡಿ, ಮಲ್ಚಿಂಗ್ ಶೀಟ್, ಸಸಿ ಎಂದು ಸಾಲ ಮಾಡಿ ಸುರಿದ ಮೇಲೆ ಒಂದೆಲೆ ಮುದುಡಿದರೂ ಎದೆ ಧಸಕ್ಕೆನ್ನುತ್ತದೆ. ಅಂಗಡಿಯವನು ಕೊಟ್ಟ ಔಷಧಿಯನ್ನು ಅದೇ ಸಂಜೆ ಹೊಡೆಯುವ ರೈತನನ್ನು ದೂರುವ ಮೊದಲು ಈ ಭಯವನ್ನು ಅರ್ಥ ಮಾಡಿಕೊಳ್ಳಬೇಕು.

ಭಯ ಇರುವ ಕಡೆ ಪಂಗಡಗಳೂ ಹುಟ್ಟುತ್ತವೆ. ಒಂದು ಕಡೆ ಗೊಬ್ಬರ, ಔಷಧಿ ಇಲ್ಲದೆ ತರಕಾರಿ ಬರುವುದೇ ಇಲ್ಲ ಎನ್ನುವವರು. ಇನ್ನೊಂದು ಕಡೆ ಜೀವಾಮೃತ ಒಂದಿದ್ದರೆ ಸಾಕು ಎನ್ನುವವರು. ಆದರೆ ಎರಡೂ ಕಡೆ ಚೆನ್ನಾಗಿ ಬೆಳೆದವರ ತೋಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ನಾಟಿಗೆ ಮೊದಲು ಅವರು ಮಾಡಿದ ಕೆಲಸ ಹೆಚ್ಚುಕಡಿಮೆ ಒಂದೇ. ನೆಲಕ್ಕೆ ಹೊಟ್ಟೆ ತುಂಬ ಗೊಬ್ಬರ ಕೊಟ್ಟಿದ್ದಾರೆ, ಸಸಿಯನ್ನು ಕಾಪಾಡಿದ್ದಾರೆ, ತೋಟದಲ್ಲಿ ಎರಡನೆಯ, ಮೂರನೆಯ ಬೆಳೆಗೆ ಜಾಗ ಬಿಟ್ಟಿದ್ದಾರೆ.

ಮೊದಲು ನೆಲದ ಮಾತು. ಎಕರೆಗೆ ಹತ್ತು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ಎಂಬ ಶಿಫಾರಸು ಕೃಷಿ ವಿಶ್ವವಿದ್ಯಾಲಯದ ಪುಸ್ತಕದಲ್ಲೂ ಇದೆ, ಅಜ್ಜಂದಿರ ರೂಢಿಯಲ್ಲೂ ಇತ್ತು. ಅಷ್ಟು ಹಾಕುವವರು ಈಗ ಸಿಗುವುದು ಕಷ್ಟ. ಅದರ ಜಾಗವನ್ನು ಜೀವಾಮೃತ ತುಂಬೀತೇ ಎಂಬುದು ಪ್ರಶ್ನೆ. ಸಹಜ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಪ್ರಚುರಪಡಿಸಿದ ಈ ದ್ರಾವಣಕ್ಕೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಬೇಕು. ನೆರಳಲ್ಲಿ ಎರಡು ದಿನ ಇಟ್ಟು ಆಗಾಗ ಕಲಕಿದರೆ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಲೆಕ್ಕ ಹಾಕಿದರೆ ಈ ಇಡೀ ಡ್ರಮ್ಮಿನಲ್ಲಿ ಇರುವ ಸಾರಜನಕ ಸುಮಾರು ಕಾಲು ಕಿಲೋ. ಒಂದು ಟನ್ ಟೊಮೆಟೊ ಬೆಳೆಯಲು ಗಿಡ ನೆಲದಿಂದ ಎಳೆದುಕೊಳ್ಳುವ ಸಾರಜನಕ ಎರಡರಿಂದ ಮೂರು ಕಿಲೋ. ಎಕರೆಗೆ ಇಪ್ಪತ್ತು ಟನ್ ಇಳುವರಿ ಬಯಸುವವರು ಉಳಿದದ್ದು ಎಲ್ಲಿಂದ ಬರುತ್ತದೆಂದು ಕೇಳಿಕೊಳ್ಳಲೇಬೇಕು.

ಜೀವಾಮೃತ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ಅದು ಹೆಪ್ಪು, ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಪಾಳೇಕರ್ ಅವರೇ ಜೀವಾಮೃತದ ಜೊತೆಗೆ ಹೊದಿಕೆಯನ್ನೂ ಮಿಶ್ರಬೆಳೆಯನ್ನೂ ಒತ್ತಿ ಹೇಳಿದ್ದಾರೆ, ನಾವು ಡ್ರಮ್ಮನ್ನು ಮಾತ್ರ ನೆನಪಿಟ್ಟುಕೊಂಡೆವು. ಸೆಣಬನ್ನೋ ಅಲಸಂದೆಯನ್ನೋ ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದ ಹೊಲದಲ್ಲಿ, ಹೊಂಗೆ ಹಿಂಡಿ, ಬೇವಿನ ಹಿಂಡಿ ಬಿದ್ದ ಸಾಲಿನಲ್ಲಿ, ಬುಡಕ್ಕೆ ರಾಗಿ ಹುಲ್ಲಿನ ಹೊದಿಕೆ ಇದ್ದ ಕಡೆ ಜೀವಾಮೃತ ತನ್ನ ಗುಣ ತೋರಿಸುತ್ತದೆ. ಹಾಲಿಗೂ ರೇಷ್ಮೆಗೂ ಹೆಸರಾದ ಕೋಲಾರ, ಚಿಕ್ಕಬಳ್ಳಾಪುರದ ಊರುಗಳಿಗೆ ಗೊಬ್ಬರವೇನೂ ದೂರದ ಸರಕಲ್ಲ. ರೇಷ್ಮೆ ಹುಳುವಿನ ಹಿಕ್ಕೆ, ತಿಂದು ಉಳಿದ ಹಿಪ್ಪುನೇರಳೆ ಕಡ್ಡಿ, ಹಸುವಿನ ಸಗಣಿ ಮೂರೂ ಒಂದೇ ಮನೆಯಲ್ಲಿ ಸಿಗುತ್ತವೆ. ಅವು ತಿಪ್ಪೆಯಲ್ಲಿ ಬಿಸಿಲಿಗೆ ಒಣಗದೆ ನೆರಳಿನ ಗುಂಡಿಯಲ್ಲಿ ಚೆನ್ನಾಗಿ ಕಳಿಯಬೇಕು. ಅಷ್ಟು ಗೊಬ್ಬರ ಹೊಂದಿಸಲಾಗದವರು ಮಣ್ಣು ಪರೀಕ್ಷೆ ಮಾಡಿಸಿ ಕೊರತೆಯಿದ್ದಷ್ಟು ರಸಗೊಬ್ಬರವನ್ನು ಡ್ರಿಪ್ಪಿನಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟರೆ ಅದನ್ನು ಪಾಪವೆಂದು ನಾನು ಎಣಿಸುವುದಿಲ್ಲ. ಯೂರಿಯಾ ಸುರಿದು ಗಿಡವನ್ನು ಮೆತ್ತಗೆ ಬೆಳೆಸಿ, ರಸ ಹೀರುವ ಹುಳುಗಳನ್ನು ಕರೆದು, ಆಮೇಲೆ ಅವಕ್ಕೆ ಔಷಧಿ ಹುಡುಕುವುದು ಮಾತ್ರ ಶುದ್ಧ ನಷ್ಟ.

ಸಸಿಯ ವಿಷಯದಲ್ಲಿ ವಾದಕ್ಕೆ ಎಡೆಯೇ ಇಲ್ಲ. ಟೊಮೆಟೊ ಎಲೆ ಮುದುಡು ರೋಗ ನಂಜಾಣುವಿನಿಂದ ಬರುತ್ತದೆ, ಬಿಳಿನೊಣ ಅದನ್ನು ಹರಡುತ್ತದೆ. ಮಡಿಯಲ್ಲಿರುವಾಗಲೇ ಸೋಂಕು ತಗುಲಿದ ಗಿಡಕ್ಕೆ ಯಾವ ಔಷಧಿಯೂ ಇಲ್ಲ, ಯಾವ ಕಷಾಯವೂ ಇಲ್ಲ. ಸಣ್ಣ ಕಣ್ಣಿನ ನೈಲಾನ್ ಪರದೆಯ ಒಳಗೆ, ಟ್ರೈಕೋಡರ್ಮದಿಂದ ಉಪಚರಿಸಿದ ಬೀಜದಿಂದ, ಟ್ರೇಗಳಲ್ಲಿ ಬೆಳೆಸಿದ 25 ದಿನದ ಸಸಿ ಅರ್ಧ ಗೆದ್ದಂತೆ. ತಳಿಯ ಆಯ್ಕೆಯೂ ಇಲ್ಲೇ ಆಗಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆದುಕೊಳ್ಳುವ ಸಂಕರಣ ತಳಿ. ಬೆಂಡೆಯಲ್ಲಿ ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಹಳದಿ ನಂಜು ರೋಗವನ್ನು ತಡೆಯಲೆಂದೇ ಬಂದದ್ದು. ಸಂಕರಣ ಬೀಜವನ್ನು ಮನೆಯಲ್ಲಿ ಎತ್ತಿಟ್ಟುಕೊಳ್ಳಲಾಗದು ಎಂಬ ಸಹಜ ಕೃಷಿಕರ ಆಕ್ಷೇಪದಲ್ಲಿ ಹುರುಳಿದೆ. ಹಾಗಿದ್ದರೂ ಹತ್ತು ಸಲ ಔಷಧಿ ಹೊಡೆಯುವುದನ್ನು ತಪ್ಪಿಸುವ ಬೀಜವನ್ನು ನಾನು ವಿಷಮುಕ್ತ ಬೇಸಾಯದ ಸಲಕರಣೆಯೆಂದೇ ನೋಡುತ್ತೇನೆ.

ಇನ್ನು ಅಕ್ಕಡಿ. ಹೆಸರಘಟ್ಟದ ವಿಜ್ಞಾನಿಗಳು ರೂಪಿಸಿದ ಒಂದು ಸರಳ ವಿಧಾನವಿದೆ. ಟೊಮೆಟೊದ ಪ್ರತಿ 16 ಸಾಲಿಗೆ ಒಂದು ಸಾಲು ಚೆಂಡುಹೂ. ಟೊಮೆಟೊ ಸಸಿಗೆ 25 ದಿನವಾದಾಗ ಚೆಂಡುಹೂ ಸಸಿಗೆ 45 ದಿನವಾಗಿರಬೇಕು, ಎರಡನ್ನೂ ಒಟ್ಟಿಗೆ ನಾಟಿ ಮಾಡಬೇಕು. ಆಗ ಎರಡೂ ಒಂದೇ ಕಾಲಕ್ಕೆ ಹೂವಿಗೆ ಬರುತ್ತವೆ. ಕಾಯಿಕೊರಕದ ಪತಂಗ ಟೊಮೆಟೊವನ್ನು ಬಿಟ್ಟು ಚೆಂಡುಹೂವಿನ ಮೊಗ್ಗಿಗೆ ಹೆಚ್ಚು ಮೊಟ್ಟೆ ಇಡುತ್ತದೆ. ಹೂ ಬಿಡಿಸಿದಾಗ ಮೊಟ್ಟೆ, ಮರಿ ಎರಡೂ ತೋಟದಿಂದ ಹೊರಗೆ ಹೋಗುತ್ತವೆ, ಹೂವಿಗೆ ಕಾಸೂ ಬರುತ್ತದೆ. ಚೆಂಡುಹೂವಿನ ಬೇರು ಗಂಟುಬೇರು ಮಾಡುವ ಜಂತುಹುಳುವನ್ನೂ ಹಿಡಿತದಲ್ಲಿಡುತ್ತದೆ. ಎಲೆಕೋಸಿಗೆ ಇದೇ ಕೆಲಸವನ್ನು ಸಾಸಿವೆ ಮಾಡುತ್ತದೆ. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಒಂದು ಕೋಸು ನೆಡುವ 15 ದಿನ ಮೊದಲು, ಇನ್ನೊಂದು ನೆಟ್ಟು 25 ದಿನದ ಮೇಲೆ. ವಜ್ರಬೆನ್ನಿನ ಪತಂಗ ಎಷ್ಟೋ ಬಗೆಯ ಕೀಟನಾಶಕಗಳಿಗೆ ಜಗ್ಗದ ಕೀಟ, ಅದು ಸಾಸಿವೆಗೆ ಮರುಳಾಗುತ್ತದೆ. ತೋಟದ ಸುತ್ತ ಮೊದಲೇ ಬಿತ್ತಿದ ಎರಡು ಮೂರು ಸಾಲು ಜೋಳ ಅಥವಾ ಮುಸುಕಿನ ಜೋಳ ಬಿಳಿನೊಣ, ಸಸ್ಯಹೇನುಗಳಿಗೆ ಗೋಡೆಯಾಗುತ್ತದೆ. ರಾಗಿ ಹೊಲದಲ್ಲಿ ಹಿರಿಯರು ಕಂಡುಕೊಂಡಿದ್ದ ಬುದ್ಧಿಯನ್ನೇ ವಿಜ್ಞಾನ ಅಳೆದು, ತೂಗಿ, ದಿನ ಗೊತ್ತು ಮಾಡಿ ಕೊಟ್ಟಿದೆ. ಇಷ್ಟು ಅಗ್ಗದ ಉಪಾಯ ಇಷ್ಟು ಕಡಿಮೆ ತೋಟಗಳಲ್ಲಿ ಕಾಣುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಚೆಂಡುಹೂವಿನ ಬೀಜವನ್ನು ಟೊಮೆಟೊಗಿಂತ ಇಪ್ಪತ್ತು ದಿನ ಮೊದಲು ಚೆಲ್ಲಬೇಕೆಂದು ಔಷಧಿ ಅಂಗಡಿಯಲ್ಲಿ ಯಾರೂ ನೆನಪಿಸುವುದಿಲ್ಲ.

ಸೌತೆ, ಕುಂಬಳ, ಹಾಗಲ ಬೆಳೆಯುವವರಿಗೆ ಇನ್ನೂ ಒಂದು ಮಾತು. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಜೇನು ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಬೆಳಿಗ್ಗೆ ಹೂ ಅರಳಿರುವ ಹೊತ್ತಲ್ಲಿ ಔಷಧಿ ಹೊಡೆಯುವವರು ತಮ್ಮ ಇಳುವರಿಗೇ ಹೊಡೆಯುತ್ತಿರುತ್ತಾರೆ.

ಇಷ್ಟೆಲ್ಲ ಮಾಡಿದರೂ ಹುಳ ಬಂದೇ ಬರುತ್ತದೆ. 2014ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಟೂಟಾ ಊಜಿ ಎಂಬ ಎಲೆ, ಕಾಯಿ ಕೊರೆಯುವ ಪತಂಗ ಈಗ ಟೊಮೆಟೊ ಬೆಳೆಗಾರರಿಗೆ ಚಿರಪರಿಚಿತ ಶತ್ರು. ಇಲ್ಲಿ ಒಂದು ಸಣ್ಣ ಲೆಕ್ಕ ಇಡೀ ವಾದವನ್ನು ಬಗೆಹರಿಸುತ್ತದೆ. ಪ್ರತಿ ಕೀಟನಾಶಕಕ್ಕೂ ಸಿಂಪಡಿಸಿದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂಬ ಗಡುವು ಇರುತ್ತದೆ. ಕೊಯ್ಲು ಶುರುವಾದ ಟೊಮೆಟೊ ತೋಟದಲ್ಲಿ ಎರಡು ಮೂರು ದಿನಕ್ಕೊಮ್ಮೆ ಹಣ್ಣು ಬಿಡಿಸಲೇಬೇಕು. ಗಡುವು ಅದಕ್ಕಿಂತ ಹೆಚ್ಚಿರುವ ಔಷಧಿ ಹೊಡೆದರೆ ಅದು ನೇರವಾಗಿ ಮನೆಗಳ ಸಾರಿಗೆ ಬೀಳುತ್ತದೆ. ಅನಿವಾರ್ಯವಾದರೆ ರಾಸಾಯನಿಕವನ್ನು ಹೂವಿಗೆ ಮೊದಲೇ ಮುಗಿಸಬೇಕು. ಕೊಯ್ಲಿನ ದಿನಗಳಿಗೆ ಮೋಹಕ ಬಲೆ, ಕಾಯಿಕೊರಕಕ್ಕೆ ಎನ್‌ಪಿವಿ ನಂಜಾಣು, ಬಿಟಿ ದುಂಡಾಣು, ಬೇವಿನ ಬೀಜದ ಕಷಾಯ ಸಾಕು. ಮುಂಗಾರಿನ ಮೊದಲ ತಿಂಗಳಲ್ಲಿ ಬಿದ್ದ ಬೇವಿನ ಹಣ್ಣನ್ನು ಆರಿಸಿ, ತೊಳೆದು, ನೆರಳಲ್ಲಿ ಒಣಗಿಸಿಟ್ಟರೆ ಖರ್ಚೂ ಇಲ್ಲ. ಐದು ಕಿಲೋ ತಿರುಳಿನ ಪುಡಿಯನ್ನು ರಾತ್ರಿ ನೆನೆಹಾಕಿ, ಸೋಸಿ, ಸೋಪಿನ ನೀರು ಬೆರೆಸಿ 100 ಲೀಟರ್ ಮಾಡಿ ಸಂಜೆ ಹೊಡೆಯಬೇಕು. ಬಿಸಿಲಿಗೆ ಅದರ ಸತ್ವ ಬೇಗ ಹೋಗುತ್ತದೆ.

ಬೇವು ಸಹಜವಾದದ್ದು, ಹಾಗಾಗಿ ಯಾರಿಗೂ ತೊಂದರೆಯಿಲ್ಲ ಎಂದು ತಿಳಿಯುವುದೂ ತಪ್ಪು. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಬೇವಿನ ಹನಿ ಬಿದ್ದ ಸೊಪ್ಪು ತಿಂದ ರೇಷ್ಮೆ ಹುಳು ಬದುಕುವುದು ಕಷ್ಟ. ಬಿಟಿಯಂತೂ ಅದಕ್ಕೆ ನೇರ ವಿಷ. ರಾಸಾಯನಿಕವಿರಲಿ, ಸಾವಯವವಿರಲಿ, ಗಾಳಿಯ ದಿಕ್ಕು ನೋಡಿ, ಪಕ್ಕದ ಹೊಲದವರಿಗೆ ಹೇಳಿಯೇ ಪಂಪು ಹೆಗಲಿಗೇರಿಸಬೇಕು.

ಬೆಳೆ ಬದಲಾವಣೆಯ ಮಾತೂ ಉಳಿದಿದೆ. ದುಂಡಾಣು ಸೊರಗು ರೋಗ ನೆಲದಲ್ಲೇ ಉಳಿಯುವಂಥದ್ದು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು. ಒಂದರ ಹಿಂದೆ ಇನ್ನೊಂದನ್ನು ಹಾಕಿದರೆ ಬೆಳೆ ಬದಲಿಸಿದಂತಾಗುವುದಿಲ್ಲ. ನಡುವೆ ಒಂದು ರಾಗಿಯೋ ಮುಸುಕಿನ ಜೋಳವೋ ಬರಬೇಕು. ಮಂಡಿಯ ದರ ಆ ಬೆಳೆಗೆ ಆಸೆ ತೋರಿಸುವುದಿಲ್ಲ, ಅದು ನನಗೂ ಗೊತ್ತು.

ನಿಜವಾದ ಅಡ್ಡಿ ಇರುವುದೂ ಅಲ್ಲೇ. ಹೀಗೆ ಬೆಳೆದ ಟೊಮೆಟೊ ಹರಾಜಿನ ಕಟ್ಟೆಯಲ್ಲಿ ಉಳಿದ ಬಾಕ್ಸುಗಳ ಜೊತೆ ಅದೇ ದರಕ್ಕೆ ಹೋಗುತ್ತದೆ. ಹುಳು ಕೊರೆದ ಕಾಯಿ ಆರಿಸಿ, ಮುದುಡಿದ ಗಿಡ ಕಿತ್ತು, ಹೂ ಬಿಡಿಸಿದ ಹೆಣ್ಣಾಳುಗಳ ಕೂಲಿಯನ್ನು ಆ ದರ ಎಣಿಸುವುದೇ ಇಲ್ಲ. ಕರ್ನಾಟಕ ಸಾವಯವ ಕೃಷಿ ನೀತಿ ತಂದದ್ದು 2004ರಲ್ಲಿ, ಕೇಂದ್ರ ಸರ್ಕಾರ ಸಹಜ ಕೃಷಿಗೆ ರಾಷ್ಟ್ರೀಯ ಅಭಿಯಾನವನ್ನೇ ಒಪ್ಪಿದ್ದು 2024ರಲ್ಲಿ. ಅಷ್ಟಾಗಿಯೂ ಸಾವಯವ ಪ್ರಮಾಣಪತ್ರದ ದಾರಿಯಲ್ಲಿರುವ ರೈತ ತನ್ನ ಹಣ್ಣನ್ನು ಬೇರೆಯಾಗಿ ಇಟ್ಟು ಮಾರಲು ದೊಡ್ಡ ಮಂಡಿಗಳಲ್ಲಿ ಒಂದು ಮೂಲೆ ಬೇಕು. ಕೀಟನಾಶಕದ ಉಳಿಕೆಯನ್ನು ಅಲ್ಲೇ ಪರೀಕ್ಷಿಸುವ ಒಂದು ಪ್ರಯೋಗಾಲಯ ಬೇಕು. ಬೆಂಗಳೂರು ಕೋಲಾರದಿಂದ ಎಪ್ಪತ್ತು ಕಿಲೋಮೀಟರ್ ಆಸುಪಾಸು ಅಷ್ಟೆ. ಅಲ್ಲಿನ ಗೃಹಿಣಿಯರು ಹೊಳೆಯುವ ಹಣ್ಣು ಆರಿಸುವಾಗ ಇದನ್ನು ಯಾವ ದಿನ ಬಿಡಿಸಿದ್ದು, ಕೊನೆಯ ಸಲ ಏನು ಹೊಡೆದದ್ದು ಎಂದು ಕೇಳಲು ಶುರು ಮಾಡಿದರೆ ಅಂಗಡಿಯವರು ಮಂಡಿಯನ್ನು ಕೇಳುತ್ತಾರೆ, ಮಂಡಿಯವರು ರೈತರನ್ನು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ರೈತರು ಈಗಲೂ ಇದ್ದಾರೆ, ಅವರ ಬಾಕ್ಸಿಗೆ ನಾಲ್ಕು ಕಾಸು ಹೆಚ್ಚು ಸಿಗಬೇಕಾಗಿದೆ.