ಮಾನೊವೈ, ನೆಬ್ರಾಸ್ಕ

ಮಾನೊವೈ ಅಮೇರಿಕ ಸಂಯುಕ್ತ ಸಂಸ್ಥಾನದ ನೆಬ್ರಾಸ್ಕ ರಾಜ್ಯದ ಬಾಯ್ಡ್ ಕೌಂಟಿಗೆ ಸೇರಿದ ಒಂದು ಗ್ರಾಮ. 2010ರ ಜನಗಣತಿಯಲ್ಲಿ ಇದರ ಜನಸಂಖ್ಯೆ 1 ಎಂದು ದಾಖಲಾಯಿತು. ಒಬ್ಬರೇ ನಿವಾಸಿಯಿದ್ದರೂ ಕಾನೂನುಬದ್ಧ ಸ್ಥಳೀಯಾಡಳಿತವನ್ನು ಉಳಿಸಿಕೊಂಡ ಊರೆಂದು ಇದು ಪ್ರಸಿದ್ಧವಾಗಿದೆ.

ಹೆಸರು ಮತ್ತು ಭೌಗೋಳಿಕತೆ

ಗ್ರಾಮವು ರಾಜ್ಯದ ಈಶಾನ್ಯ ಭಾಗದಲ್ಲಿ, ನಯೊಬ್ರೇರ ಮತ್ತು ಮಿಸೌರಿ ನದಿಗಳ ನಡುವಣ ಹುಲ್ಲುಗಾವಲಿನ ಪ್ರದೇಶದಲ್ಲಿದೆ. ಇದರ ವಿಸ್ತೀರ್ಣ ಸುಮಾರು 0.54 ಚದರ ಕಿ.ಮೀ. ‘ಮಾನೊವೈ’ ಎಂಬುದು ಮೂಲನಿವಾಸಿಗಳ ಭಾಷೆಯಲ್ಲಿ ‘ಹೂವು’ ಎಂಬ ಅರ್ಥದ ಪದವೆಂದೂ, ಇಲ್ಲಿ ಹೇರಳವಾಗಿದ್ದ ಕಾಡುಹೂಗಳಿಂದ ಈ ಹೆಸರು ಬಂದಿತೆಂದೂ ಹೇಳಲಾಗುತ್ತದೆ.

ಇತಿಹಾಸ

1902ರಲ್ಲಿ ರೈಲುಮಾರ್ಗವು ಈ ಪ್ರದೇಶಕ್ಕೆ ವಿಸ್ತರಿಸಿದಾಗ ಊರು ಸ್ಥಾಪನೆಯಾಯಿತು. 1930ರ ದಶಕದಲ್ಲಿ ಇಲ್ಲಿ ಸುಮಾರು 150 ಜನರು ವಾಸವಾಗಿದ್ದರು. ಬಳಿಕ, ಬಯಲುಸೀಮೆಯ ಇತರ ಅನೇಕ ಸಣ್ಣ ಊರುಗಳಂತೆ, ಯುವಜನರು ಉದ್ಯೋಗಕ್ಕಾಗಿ ನಗರಗಳಿಗೆ ತೆರಳಿದ್ದರಿಂದ ಜನಸಂಖ್ಯೆ ಕುಸಿಯಿತು. ಅಂಚೆ ಕಚೇರಿ 1967ರಲ್ಲಿಯೂ ಶಾಲೆ 1974ರಲ್ಲಿಯೂ ಮುಚ್ಚಿದವು. 2000ದ ಜನಗಣತಿಯ ವೇಳೆಗೆ ಉಳಿದವರು ರೂಡಿ ಐಲರ್ ಮತ್ತು ಎಲ್ಸಿ ಐಲರ್ ದಂಪತಿಗಳು ಮಾತ್ರ. 2004ರಲ್ಲಿ ರೂಡಿಯವರು ನಿಧನರಾದ ಮೇಲೆ ಎಲ್ಸಿಯವರೊಬ್ಬರೇ ಉಳಿದರು.

ಆಡಳಿತ

ಎಲ್ಸಿಯವರು ಗ್ರಾಮದ ಮೇಯರ್, ಗುಮಾಸ್ತೆ, ಖಜಾಂಚಿ ಮತ್ತು ಗ್ರಂಥಪಾಲಕಿಯ ಹೊಣೆಗಳನ್ನು ಏಕಾಂಗಿಯಾಗಿ ನಿರ್ವಹಿಸಿದ್ದಾರೆ. 1971ರಿಂದ ನಡೆಸುತ್ತ ಬಂದ ತಮ್ಮ ಪಾನಗೃಹಕ್ಕೆ ಮದ್ಯದ ಪರವಾನಗಿಯನ್ನು ಮೇಯರ್ ಆಗಿ ತಾವೇ ನೀಡಿಕೊಂಡಿದ್ದಾರೆ. ಗ್ರಾಮದ ತೆರಿಗೆಯನ್ನೂ ತಮಗೆ ತಾವೇ ಪಾವತಿಸಿದ್ದಾರೆ. ಊರಿನ ನಾಲ್ಕು ಬೀದಿದೀಪಗಳಿಗೆ ರಾಜ್ಯದ ಅನುದಾನ ದೊರೆಯಬೇಕಾದರೆ ಪ್ರತಿವರ್ಷ ರಸ್ತೆ ಯೋಜನೆಯೊಂದನ್ನು ಸಿದ್ಧಪಡಿಸಬೇಕಾಗುತ್ತದೆ. ಸುತ್ತಲಿನ ರೈತರಿಗೂ ದಾರಿಹೋಕರಿಗೂ ಊಟ ಮತ್ತು ಮಾತುಕತೆಯ ತಾಣವಾಗಿರುವ ಪಾನಗೃಹವೇ ಊರಿನ ಸಾರ್ವಜನಿಕ ಜೀವನದ ಕೇಂದ್ರವಾಯಿತು.

ಗ್ರಂಥಾಲಯ

ರೂಡಿಯವರು ಸಂಗ್ರಹಿಸಿದ ಸುಮಾರು 5,000 ಪುಸ್ತಕಗಳನ್ನು ಅವರ ಮರಣಾನಂತರ ಒಂದು ಚಿಕ್ಕ ಕಟ್ಟಡದಲ್ಲಿರಿಸಿ ‘ರೂಡಿಯ ಗ್ರಂಥಾಲಯ’ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು.

2020ರ ಜನಗಣತಿ

2020ರ ಜನಗಣತಿಯ ಪ್ರಕಟಿತ ಅಂಕಿಗಳಲ್ಲಿ ಮಾನೊವೈಯ ಜನಸಂಖ್ಯೆ 2 ಎಂದಿತ್ತು. ಆದರೆ ಎರಡನೆಯ ನಿವಾಸಿ ಯಾರೂ ಇರಲಿಲ್ಲ. ವ್ಯಕ್ತಿಗಳ ಗುರುತು ಬಯಲಾಗದಿರಲೆಂದು ಜನಗಣತಿ ಇಲಾಖೆಯು ಸಣ್ಣ ಪ್ರದೇಶಗಳ ಅಂಕಿಗಳಲ್ಲಿ ಉದ್ದೇಶಪೂರ್ವಕವಾಗಿ ಅಲ್ಪ ವ್ಯತ್ಯಾಸಗಳನ್ನು ಸೇರಿಸಿದ್ದೇ ಇದಕ್ಕೆ ಕಾರಣ. ಇಂತಹ ವ್ಯತ್ಯಾಸವು ದೊಡ್ಡ ನಗರದ ಲೆಕ್ಕದಲ್ಲಿ ಗಮನಕ್ಕೆ ಬಾರದು. ಮಾನೊವೈಯಲ್ಲಿ ಅದು ಜನಸಂಖ್ಯೆಯನ್ನು ಇಮ್ಮಡಿಗೊಳಿಸಿತು.